ಕಡೆಪದ ಕಾಯುವವಳು

ಆ ಊರಿಗೆ ದಾರಿ ಕೇಳಬೇಡಿ, ನನಗೂ ಗೊತ್ತಿಲ್ಲ. ಊರಿಗೆ ನಾಲ್ಕು ಬಾಗಿಲು, ನಡುವೆ ಒಂದು ಬಾವಿ, ಬಾವಿಯಿಂದ ನಾಲ್ಕು ಬಾಗಿಲಿಗೂ ಒಂದೊಂದು ಬೀದಿ, ಇಷ್ಟು ಗೊತ್ತು. ಅಲ್ಲಿ ಉಪ್ಪು ಮಾರುವವರಿಗಿಂತ ಗ್ರಂಥ ಬರೆಯಬೇಕೆನ್ನುವವರು ಹೆಚ್ಚು. ಅದರಲ್ಲಿ ಆಶ್ಚರ್ಯವೇನಿಲ್ಲ, ಎಲ್ಲ ಊರಲ್ಲೂ ಅಷ್ಟೇ. ಆದರೆ ಬರೆಯುವವರಿಗೆ ಅಲ್ಲೊಂದು ಕಟ್ಟಳೆಯಿತ್ತು. ಅಂಥದ್ದು ಬೇರೆಲ್ಲಾದರೂ ಇದೆಯೆಂದು ನಾನು ಕೇಳಿಲ್ಲ.

ನಮ್ಮ ಮಾತಿನ ರೀತಿ ನಿಮಗೇ ಗೊತ್ತು, ವಾಕ್ಯದ ಜೀವ ಇರುವುದು ಕಡೆಯಲ್ಲಿ. 'ಅವಳು ಬೆಳಿಗ್ಗೆ ಬಾವಿಗೆ' ಅಂದರೆ ಏನೂ ಹೇಳಿದಂತಾಗಲಿಲ್ಲ. ಹೋದಳೋ, ಇಣುಕಿದಳೋ, ಬಿದ್ದೇ ಬಿಟ್ಟಳೋ, ಕಡೆಯ ಪದ ಬರುವವರೆಗೆ ಕೇಳುವವರು ಬಾಯಿ ತೆರೆದುಕೊಂಡು ಕಾಯಬೇಕು. ಆ ಊರಿನವರು ಅದನ್ನು ಕಡೆಪದ ಎನ್ನುತ್ತಿದ್ದರು. ಅಲ್ಲಿ ಸಂಜೆ ಕಡೆಪದ ಇಟ್ಟು ಮುಗಿಸಿದ ವಾಕ್ಯ ಬೆಳಗಾಗುವಷ್ಟರಲ್ಲಿ ಬರೆದವರನ್ನು ಮರೆತುಬಿಡುತ್ತಿತ್ತು. ಮರುದಿನ ಬರೆದವರು ಬಂದು ಕೂತರೆ ಯಾರದೋ ಮನೆಯ ಗೋಡೆ ನೋಡುತ್ತ ಕೂತಂತೆ. ಹುಮ್ಮಸ್ಸಿದ್ದವರು ಕೆಲವು ದಿನ ಹೇಗೋ ತಳ್ಳುತ್ತಿದ್ದರು, ಆಮೇಲೆ ಮುಂದಿನ ವಾಕ್ಯ ಬರುತ್ತಿರಲಿಲ್ಲ.

ಆದ್ದರಿಂದ ಕಟ್ಟಳೆ: ದೀಪ ಹಚ್ಚುವ ಹೊತ್ತಿಗೆ ಬಾವಿಕಟ್ಟೆಯ ಗಂಟೆ ಹೊಡೆದ ಕೂಡಲೇ ಬಳಪ ಕೆಳಗಿಡಬೇಕು, ವಾಕ್ಯ ಕಡೆಪದಕ್ಕೆ ಮುಂಚೆ ನಿಲ್ಲಬೇಕು. ಆ ಪದವನ್ನು ಪಕ್ಕದ ಮನೆಯವರ ಕಿವಿಯಲ್ಲಿ ಹೇಳಬೇಕು. ಅವರು ಅದನ್ನು ಬಾಯಲ್ಲಿಟ್ಟುಕೊಂಡು ಕಾದು ಬೆಳಿಗ್ಗೆ ತಂದುಕೊಡಬೇಕು. ಅವರು ಏನು ತಂದುಕೊಟ್ಟರೋ ಅದನ್ನೇ ಬರೆಯಬೇಕು, ತಿದ್ದುವ ಹಾಗಿಲ್ಲ.

ಬರೆಯುವುದು ಕಡತದ ಮೇಲೆ. ಬಟ್ಟೆಗೆ ಹುಣಿಸೆ ಬೀಜದ ಅಂಟು ಬಳಿದು, ಇದ್ದಿಲ ಪುಡಿ ಹಚ್ಚಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಬಟ್ಟೆ ಅದು. ಅದನ್ನು ಮಾಡಿಕೊಡುವವನು ಕಡತದ ಮೇಸ್ತ್ರಿ. ಒಬ್ಬರಿಗೆ ಜೀವಮಾನದಲ್ಲಿ ಮೂರು ಕಡತ. ತುಂಬಿಸಿ ತಂದವರಿಗೆ ಲೆಕ್ಕ ಹೊಸದಾಗಿ ಶುರು. ತುಂಬಿಸದೆ ಏಳು ದಿನ ಮುಟ್ಟದೆ ಬಿಟ್ಟರೆ ಮೇಸ್ತ್ರಿ ಬಂದು ಒಯ್ಯುತ್ತಾನೆ, ತೊಳೆದು ಮತ್ತೆ ಕಪ್ಪು ಹಚ್ಚಿ ಬೇರೆಯವರಿಗೆ ಕೊಡುತ್ತಾನೆ. ಹಾಗೆ ತೊಳೆದ ನೀರಿನಿಂದ ಊರಿನ ಚರಂಡಿ ಯಾವಾಗಲೂ ಕಪ್ಪಗಿರುತ್ತಿತ್ತು.

ಬಡಗಣ ಬಾಗಿಲ ಬೀದಿಯಲ್ಲಿ ಮಂಡಕ್ಕಿ ಹುರಿಯುವವಳೊಬ್ಬಳು ಇದ್ದಳು. ಅವಳ ಎರಡು ಕಡತ ಆ ಚರಂಡಿಯಲ್ಲೇ ಹರಿದುಹೋಗಿದ್ದವು.

ಮೊದಲ ಸಲ ಅವಳಿಗೆ ಇಪ್ಪತ್ತು ವರ್ಷ. "ಎಷ್ಟು ಮಡಿಕೆ?" ಎಂದು ಮೇಸ್ತ್ರಿ ಕೇಳಿದ್ದಕ್ಕೆ "ನೂರು" ಎಂದಿದ್ದಳು. ಕಾಯುವವರೂ ಬೇಡವೆಂದಳು. ನನ್ನ ಪದ ಇನ್ನೊಬ್ಬರ ಎಂಜಲು ಬಾಯಲ್ಲೇಕೆ ಎಂಬ ಬಿಂಕ. ಒಂಬತ್ತು ದಿನ ಹಗಲೆಲ್ಲ ಬರೆದಳು, ಪ್ರತಿ ವಾಕ್ಯಕ್ಕೂ ಠಪ್ಪೆಂದು ಕಡೆಪದ ಇಟ್ಟಳು. ಬೀದಿಯಲ್ಲಿ ಜನ ನಿಲ್ಲಿಸಿ ಮಾತಾಡಿಸಿದರು, ನೂರು ಮಡಿಕೆಯಂತೆ ಎಂದು ಬಾಯ ಮೇಲೆ ಬೆರಳಿಟ್ಟುಕೊಂಡರು. ಅವಳಿಗೆ ಬರೆದು ಮುಗಿಸಿದಷ್ಟೇ ಖುಷಿಯಾಯಿತು. ಹತ್ತನೆಯ ದಿನ ಕೂತರೆ ಒಂದಕ್ಷರ ಬರಲಿಲ್ಲ.

ಎರಡನೆಯ ಸಲ ಬುದ್ಧಿ ಬಂದಿತ್ತು, ಅಥವಾ ಬಂದಿದೆ ಅಂದುಕೊಂಡಿದ್ದಳು. "ದಿನಕ್ಕೊಂದು ಮಡಿಕೆ, ಮೂವತ್ತು ದಿನ, ಮೂವತ್ತು ಮಡಿಕೆ" ಎಂದಳು. ಕಡೆಪದವನ್ನು ತಾನೇ ಕಾದುಕೊಳ್ಳುತ್ತೇನೆಂದಳು. ದಿನದ ಮಡಿಕೆ ತುಂಬಬೇಕೆಂಬ ಆತುರದಲ್ಲಿ ಅಕ್ಷರ ದಪ್ಪ ದಪ್ಪ ಬರೆದಳು. ಮಧ್ಯಾಹ್ನಕ್ಕೇ ಮುಗಿಸಿ, ಕಡೆಪದ ಇಟ್ಟು, ಕಾಲು ಚಾಚಿ ಕೂತಳು. ನಾಲ್ಕನೆಯ ದಿನಕ್ಕೆ ಅದೂ ನಿಂತಿತು.

ಎರಡೂ ಕಡತ ನಿಂತದ್ದು ಒಂದೇ ವಾಕ್ಯದಲ್ಲಿ. ಅವಳು ಬರೆಯಲು ಹೊರಟಿದ್ದು ಅವಳ ಅಕ್ಕನ ಕಥೆ. ಆ ಅಕ್ಕ ಒಂದು ಬೆಳಿಗ್ಗೆ ಚೊಂಬು ಹಿಡಿದು ಬಡಗಣ ಬಾಗಿಲಿನಿಂದ ಹೊರಟವಳು ತಿರುಗಿ ಬಂದಿರಲಿಲ್ಲ. ಹೆಣ್ಣುಮಗಳೊಬ್ಬಳು ಹಾಗೆ ಹೋದರೆ ಊರು ಅವಳ ಹೆಸರೆತ್ತುವುದನ್ನು ಬಿಡುತ್ತದೆ, ಬಿಟ್ಟಿತ್ತು. ಮನೆಯವರು ಅವಳ ತಟ್ಟೆಯನ್ನು ಅಟ್ಟಕ್ಕೆ ಹಾಕಿದರು. ತಂಗಿ ಬರೆಯದಿದ್ದರೆ ಅಂಥವಳೊಬ್ಬಳು ಹುಟ್ಟಿದ್ದಳೆಂದು ಹೇಳುವವರೂ ಇರುವುದಿಲ್ಲ. ಆದರೆ 'ಅಕ್ಕ ಚೊಂಬು ಹಿಡಿದು ಬಡಗಣ ಬಾಗಿಲು ದಾಟಿ ಹೋದಳು' ಎಂದು ಬರೆದ ಮೇಲೆ ಬರೆಯಲು ಇನ್ನೇನಿದೆ? ಹೋದಳು, ಮುಗಿಯಿತು.

ನಲವತ್ತು ದಾಟಿದ ಮೇಲೆ ಅವಳು ಮೂರನೆಯ ಸಲ ಮೇಸ್ತ್ರಿಯ ಅಂಗಳಕ್ಕೆ ಬಂದಳು. ಇದು ಕೊನೆಯದೆಂದು ಇಬ್ಬರಿಗೂ ಗೊತ್ತಿತ್ತು.

"ಎಷ್ಟು ಮಡಿಕೆ ಕತ್ತರಿಸ್ಲಮ್ಮ?" ಎಂದ ಮೇಸ್ತ್ರಿ, ಕೈಗೆ ಹತ್ತಿದ ಮಸಿ ಒರೆಸಿಕೊಳ್ಳುತ್ತ.

"ಗೊತ್ತಿಲ್ಲಣ್ಣ. ನಾಳೆ ಬೆಳಿಗ್ಗೆ ಕೂತ್ಕೋಬೇಕು ಅಂತಿದೀನಿ. ಅಷ್ಟೇ."

"ಇದೆಂಥ ಗುರಿ? ನಾಳೆ ಬೆಳಿಗ್ಗೆ ಎಲ್ರೂ ಕೂತ್ಕೋತಾರೆ. ನಾನೂ ಕೂತ್ಕೋತೀನಿ."

"ನೂರೂ ಅಂದಾಯ್ತು, ಮೂವತ್ತೂ ಅಂದಾಯ್ತು. ಈಗ ಹೇಳೋಕೆ ನಾಚಿಕೆ ಆಗುತ್ತೆ."

ಮೇಸ್ತ್ರಿ ಒಳ್ಳೆಯವನು, ನಗಲಿಲ್ಲ. ಹನ್ನೆರಡು ಮಡಿಕೆ ಅಳೆದು ಕತ್ತರಿಸಿದ. "ಆದ್ರೆ ಈ ಸಲ ಕಾಯೋರಿಲ್ದೆ ಬಟ್ಟೆ ಕೊಡಲ್ಲ" ಎಂದ. ಅವಳ ಪಕ್ಕದ ಮನೆಯಲ್ಲಿದ್ದವಳು ಸುಣ್ಣ ಮಾರುವ ಅಜ್ಜಿ. ಮುಂದಿನ ಹಲ್ಲುಗಳೆಲ್ಲ ಹೋಗಿದ್ದವು, ಒಂದು ಕಿವಿ ಮಂದ, ಓದು ಬರಹ ಗೊತ್ತೇ ಇಲ್ಲ. ಅಜ್ಜಿಗೆ ಇರುವ ಸುಖ ಒಂದೇ, ಎಲೆಯಡಿಕೆ. ಬಾಯಲ್ಲಿ ಪದ ಇದ್ದಷ್ಟು ಹೊತ್ತು ಅದನ್ನು ಹಾಕುವ ಹಾಗಿಲ್ಲ.

"ರಾತ್ರಿ ಒಂದು ಹೊತ್ತು ತಾನೇ, ಬಿಡು" ಎಂದು ಅಜ್ಜಿ ಒಪ್ಪಿಕೊಂಡಳು.

ಮಂಡಕ್ಕಿಯವಳು ಮರುದಿನ ಬೆಳಿಗ್ಗೆ ಕೂತಳು. ಮೊದಲ ಮಡಿಕೆಯಲ್ಲಿ ಹಳೆಯದನ್ನೇ ಬರೆದಳು, ಮನೆ, ಅಪ್ಪ, ಒಲೆ, ಬಾಣಲೆ. ಎರಡು ಕಡತಗಳಲ್ಲಿ ಬರೆದು ಬರೆದು ಬಾಯಿಪಾಠವಾಗಿತ್ತು. ಸಂಜೆ ಗಂಟೆ ಹೊಡೆದಾಗ 'ಅಕ್ಕ ಚೊಂಬು ಹಿಡಿದು ಬಡಗಣ ಬಾಗಿಲು ದಾಟಿ' ಎಂಬಲ್ಲಿಗೆ ಬಂದಿದ್ದಳು. ಬಳಪ ಕೆಳಗಿಟ್ಟು, ಜಗಲಿ ದಾಟಿ ಹೋಗಿ, ಅಜ್ಜಿಯ ಒಳ್ಳೆ ಕಿವಿಯಲ್ಲಿ "ಹೋದಳು" ಎಂದಳು. ಅಜ್ಜಿ ಬಾಯಿ ಮುಚ್ಚಿಕೊಂಡು ತಲೆಯಾಡಿಸಿದಳು.

ಬೆಳಿಗ್ಗೆ ಅಜ್ಜಿ ಬಂದು ಜಗಲಿಯ ಮೇಲೆ ಕೂತು, ಗಂಟಲು ಸರಿಮಾಡಿಕೊಂಡು, ಪದ ಕೊಟ್ಟಳು.

"ಹೋದಾಳು."

"ಹೋದಾಳು ಅಲ್ಲ ಅಜ್ಜಿ. ಹೋದಳು."

"ನನ್ನ ಬಾಯಲ್ಲಿ ಇರೋದು ಹೋದಾಳು."

"ನಾನು ಕೊಟ್ಟಿದ್ದು ಗಿಡ್ಡದ್ದು!"

"ರಾತ್ರಿಯೆಲ್ಲ ನೆನೆದಿದೆ ಕಣೇ, ಊದ್ಕೊಂಡಿರ್ಬೇಕು. ಕಡ್ಲೆ ನೆನೆಸಿದ್ರೆ ಊದಲ್ವಾ?" ಎಂದು ಅಜ್ಜಿ ಸೊಂಟದಿಂದ ಎಲೆಯ ಸಂಚಿ ತೆಗೆದಳು. ಬೇಕಂತಲೇ ಎಳೆದಳೋ, ಹಲ್ಲಿಲ್ಲದೆ ಹಾಗಾಯಿತೋ, ಯಾರೂ ಕೇಳಲಿಲ್ಲ. ಕೇಳಿದ್ದರೂ ಆ ಮುದುಕಿ ಹೇಳುವವಳಲ್ಲ.

ತಂದದ್ದನ್ನು ತಿದ್ದುವ ಹಾಗಿಲ್ಲವಲ್ಲ. ಮಂಡಕ್ಕಿಯವಳು ಸಿಟ್ಟಿನಲ್ಲೇ ಬರೆದಳು: 'ಅಕ್ಕ ಚೊಂಬು ಹಿಡಿದು ಬಡಗಣ ಬಾಗಿಲು ದಾಟಿ ಹೋದಾಳು.'

ಬರೆದು ನೋಡಿದಳು. ಹೋದಾಳು ಎಂದರೆ ಹೋಗಿಲ್ಲ. ಹೋದರೂ ಹೋಗಬಹುದು, ಬಿಟ್ಟರೂ ಬಿಡಬಹುದು. ಇಪ್ಪತ್ತೈದು ವರ್ಷದ ಹಿಂದೆ ಹೋದ ಅಕ್ಕ ಈಗ ಬಾಗಿಲ ಈಚೆ, ಚೊಂಬು ಹಿಡಿದು, ನಿಂತೇ ಇದ್ದಾಳೆ. ಸೀರೆಯ ಸೆರಗನ್ನು ಎಡಗಡೆ ಸಿಕ್ಕಿಸಿಕೊಂಡಿದ್ದಾಳೆ. ಅದನ್ನು ಬರೆಯಬೇಕು. ಕಾವಲುಗಾರ ಇನ್ನೂ ಅಗಳಿ ತೆಗೆದಿಲ್ಲ, ಅಕ್ಕ ಕಾಯುತ್ತಿದ್ದಾಳೆ. ಅದನ್ನೂ ಬರೆಯಬೇಕು. ಎಲ್ಲಿಯೂ ಹೋಗದೆ ನಿಂತಿರುವವರ ಬಗ್ಗೆ ಇಷ್ಟೊಂದು ಬರೆಯುವುದಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಅವತ್ತು ಗಂಟೆ ಹೊಡೆದಾಗ ಅವಳಿಗೆ ಬೇಜಾರಾಯಿತು.

ಹಾಗೆ ದಿನಗಳು ನಡೆದವು. ಬೆಳಿಗ್ಗೆ ಅಜ್ಜಿ ಪದ ತರುತ್ತಿದ್ದಳು, ಅವಳು ಬರೆಯುತ್ತಿದ್ದಳು. ಮಧ್ಯಾಹ್ನ ಮರಳು ಕಾಯಿಸಿ ಮಂಡಕ್ಕಿ ಹುರಿಯುತ್ತಿದ್ದಳು, ಇಳಿಹೊತ್ತಿಗೆ ಮತ್ತೆ ಕೂರುತ್ತಿದ್ದಳು. ಗಂಟೆ, ಬಳಪ ಕೆಳಗೆ, ಪದ ಕಿವಿಗೆ. ಕೆಲವು ದಿನ ಒಂದೇ ವಾಕ್ಯ. ಕೆಲವು ದಿನ ಅಜ್ಜಿ ತಂದ ಪದವನ್ನು ಇಟ್ಟು, ಇನ್ನೊಂದು ವಾಕ್ಯವನ್ನು ಅರ್ಧ ಮಾಡಿ, ಅಷ್ಟೇ. ನಾಳೆ ಬೆಳಿಗ್ಗೆ ಕೂರುವುದೊಂದೇ ಗುರಿಯಾದವಳಿಗೆ ಅದು ಕಡಿಮೆಯೂ ಆಗಲಿಲ್ಲ. ಅಜ್ಜಿಯ ಬಾಯಲ್ಲಿ ಪದಗಳು ಆಗಾಗ ಊದಿಕೊಳ್ಳುತ್ತಿದ್ದವು. 'ನಕ್ಕಳು' ಎಂದು ಹೋದದ್ದು 'ನಕ್ಕಾಳು' ಎಂದು ಬರುತ್ತಿತ್ತು. ಆಗ ಅಕ್ಕ ಯಾಕೆ ನಗುತ್ತಾಳೆ, ಯಾಕೆ ನಗದೆ ಇರುತ್ತಾಳೆ ಎಂದು ಒಂದು ಮಡಿಕೆ ಪೂರ್ತಿ ಯೋಚಿಸಬೇಕಾಗುತ್ತಿತ್ತು.

ಎಂಟು ಮಡಿಕೆ ತುಂಬಿದವು. ಒಂಬತ್ತನೆಯದರಲ್ಲಿ ಅವಳು ಕೂರುವುದನ್ನು ಬಿಟ್ಟಳು.

ದೊಡ್ಡ ಕಾರಣವೇನೂ ಇಲ್ಲ. ಬೇಸರ ಬಂತು. ಬರೆದದ್ದು ಯಾಕೋ ಸಪ್ಪೆ ಅನ್ನಿಸಿತು, ಮಂಡಕ್ಕಿಗೆ ಬೇಡಿಕೆಯೂ ಹೆಚ್ಚಿತ್ತು, ಇವತ್ತೊಂದು ದಿನ ಅಂದುಕೊಂಡಳು. ಬರೆಯುವವರಿಗೆ ಆ ಇವತ್ತೊಂದು ದಿನ ಗೊತ್ತೇ ಇರುತ್ತದೆ. ಮೊದಲ ದಿನ ಅಜ್ಜಿ ಬಂದು ಕೂತಳು, ಮಂಡಕ್ಕಿಯವಳು ಒಲೆಯ ಮುಂದಿನಿಂದ ಏಳಲಿಲ್ಲ. "ನಾಳೆ ತಗೋತೀನಿ ಅಜ್ಜಿ" ಎಂದಳು. ಎರಡನೆಯ ದಿನವೂ ಅಷ್ಟೇ. ಆರನೆಯ ಬೆಳಿಗ್ಗೆ ಅಜ್ಜಿ ಜಗಲಿಗೆ ಬರಲಿಲ್ಲ, ನೇರ ಒಲೆಯ ಹತ್ತಿರ ಬಂದು ನಿಂತಳು. ಕೆನ್ನೆ ಒಳಗೆ ಹೋಗಿತ್ತು.

"ಏನಜ್ಜಿ, ಹುಷಾರಿಲ್ವಾ?"

ಅಜ್ಜಿ ತುಟಿ ಬಿಗಿಹಿಡಿದು, ಮೂಗಿನಿಂದಲೇ ಮಾತಾಡಿದಳು. "ಆರು ದಿನ ಆಯ್ತು ಕಣೇ ಎಲೆಯಡಿಕೆ ಹಾಕಿ."

"ಅಯ್ಯೋ! ಆರು ದಿನದಿಂದ ಬಾಯಲ್ಲೇ ಇಟ್ಕೊಂಡಿದೀಯಾ?"

"ಮತ್ತೆ? ಉಗುಳ್ಬೇಕಿತ್ತಾ? ನಿನ್ನ ಪದ ಅದು. ನಿನ್ನ ಗ್ರಂಥದ ಮನೆ ಹಾಳಾಗ್ಲಿ, ನನ್ನ ಬಾಯಿ ನೋಡು, ಹೆಂಗೆ ಒಣಗಿದೆ."

ಮಂಡಕ್ಕಿಯವಳಿಗೆ ನಗು ಬಂತು, ಹಿಂದೆಯೇ ನಾಚಿಕೆಯೂ ಆಯಿತು. ಗ್ರಂಥ ಬರೆದು ಊರಿಗೆ ಉಪಕಾರ ಮಾಡುತ್ತೇನೆಂಬ ಹುಮ್ಮಸ್ಸು ಇದ್ದಾಗ ಅವಳು ಒಂಬತ್ತು ದಿನಕ್ಕೆ ನಿಂತಿದ್ದಳು. ಈಗ ಒಬ್ಬ ಮುದುಕಿಗೆ ಎಲೆಯಡಿಕೆ ಸಿಗಲೆಂದು ಬಾಣಲೆ ಇಳಿಸಿ, ಕೈ ತೊಳೆದು, ಕಡತ ಬಿಚ್ಚಿದಳು. ಪದ ಇಸಿದುಕೊಂಡಳು. ಅಜ್ಜಿ ಅಲ್ಲೇ ಕೂತು ಎಲೆಗೆ ಸುಣ್ಣ ಹಚ್ಚಿ, ಕಣ್ಣು ಮುಚ್ಚಿ ಅಗಿದಳು.

ಅಜ್ಜಿ ಆರು ದಿನ ಕಾದ ಆ ಪದ 'ಕರೆದಳು' ಎಂದು ಹೋದದ್ದು. ಬಂದದ್ದು 'ಕರೆದಾಳು'. ವಾಕ್ಯ ಹೀಗಾಯಿತು: 'ಹೊಸಿಲ ಮೇಲೆ ಒಂದು ಕಾಲಿಟ್ಟು ಅಕ್ಕ ತಿರುಗಿ, ಒಳಗಿದ್ದ ನನ್ನನ್ನು ಕರೆದಾಳು.'

ಇದನ್ನು ಅವಳು ಇಪ್ಪತ್ತೈದು ವರ್ಷ ಯಾರಿಗೂ ಹೇಳಿರಲಿಲ್ಲ. ಅವಳಿಗೇ ಅವಳು ಹೇಳಿಕೊಂಡಿರಲಿಲ್ಲ ಎನ್ನಬೇಕು. ಎರಡು ಕಡತ 'ಹೋದಳು' ಎಂಬಲ್ಲಿ ನಿಂತದ್ದು ಮುಂದೆ ಏನೂ ಇರಲಿಲ್ಲವೆಂದಲ್ಲ, ಹಿಂದೆ ಇದೊಂದು ಇತ್ತೆಂದು. ಈಗ ಅಜ್ಜಿಯ ದೀರ್ಘದಿಂದಾಗಿ ಅಕ್ಕ ಹೊಸಿಲ ಮೇಲೆ ಕಾಲಿಟ್ಟೇ ನಿಂತಿದ್ದಳು. ಕರೆಯಬಹುದು, ಕರೆದರೆ ತಂಗಿ ಏನನ್ನುತ್ತಾಳೆ ಎಂದು ಬರೆಯಲೇಬೇಕು. ಹತ್ತನೆಯ ಮಡಿಕೆ ಪೂರ್ತಿ ಅವಳು ಆ ಹೊಸಿಲ ಸುತ್ತಲೇ ಬರೆದಳು. ಹನ್ನೊಂದನೆಯದರಲ್ಲಿ ಹೇಳಿಬಿಟ್ಟಳು. "ನೀನೂ ಬರ್ತೀಯೇನೇ?" ಎಂದು ಅಕ್ಕ ಕೇಳಿದ್ದಳು. ಕೈಯಲ್ಲಿ ಜರಡಿ ಹಿಡಿದಿದ್ದ ತಂಗಿ, ಬಾಣಲೆಯ ಮರಳು ಕಾದಿದೆ ಎಂದುಕೊಂಡು, ಕೇಳಿಸದವಳಂತೆ ಬಗ್ಗಿ ಉರಿ ಸರಿಮಾಡಿದ್ದಳು. ತಲೆಯೆತ್ತಿದಾಗ ಹೊಸಿಲು ಖಾಲಿಯಿತ್ತು.

ಅದನ್ನು ಬರೆದ ದಿನ ಅವಳು ಅಜ್ಜಿಯ ಕಿವಿಗೆ ಪದ ಕೊಟ್ಟವಳೇ ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು ಅತ್ತಳು. ಅಜ್ಜಿಯ ಬಾಯಲ್ಲಿ ಪದವಿತ್ತು, ಬಾಯಿ ತೆರೆಯುವ ಹಾಗಿರಲಿಲ್ಲ. ಸುಣ್ಣದಿಂದ ಒಡೆದ ಕೈಯಲ್ಲಿ ತಲೆ ಸವರಿದಳು.

ಹನ್ನೆರಡನೆಯ ಮಡಿಕೆ ತುಂಬುತ್ತ ಬಂತು. ಗ್ರಂಥದ ಕಟ್ಟಕಡೆಯ ವಾಕ್ಯಕ್ಕೆ ಆ ಊರಲ್ಲಿ ಬೇರೆ ರೀತಿ. ಅದಕ್ಕೆ ಮರುದಿನ ಎಂಬುದಿಲ್ಲ, ಆದ್ದರಿಂದ ಕಾಯುವವರೂ ಇಲ್ಲ. ಬರೆದವರೇ ನಾಲ್ಕು ಬೀದಿ ಕೂಡುವಲ್ಲಿ, ಮೇಸ್ತ್ರಿಯ ಮುಂದೆ, ಕಡೆಪದವನ್ನು ಬಾಯಿಬಿಟ್ಟು ಹೇಳಿ ಬರೆಯಬೇಕು. ಆಮೇಲೆ ಮೇಸ್ತ್ರಿ ಕಡತವನ್ನು ಎರಡು ತುದಿ ಹಿಡಿದು ಗಾಳಿಗೆ ಕೊಡವುತ್ತಾನೆ. ಬಳಪದ ಪುಡಿ ಹಾರಿ ಊರ ಮೇಲೆ ಬೀಳುತ್ತದೆ. ಬಟ್ಟೆ ಬರಿದಾಗುತ್ತದೆ.

ಮಂಡಕ್ಕಿಯವಳು ಅಲ್ಲಿ ನಿಂತಳು. ವಾಕ್ಯ ಸಿದ್ಧವಿತ್ತು: 'ನಾನು ತಲೆಯೆತ್ತಿ ನೋಡುವಷ್ಟರಲ್ಲಿ ಅಕ್ಕ, ಚಪ್ಪಲಿಯನ್ನೂ ಮೆಟ್ಟದೆ, ಬಡಗಣ ಬಾಗಿಲು ದಾಟಿ'. ಬಳಪ ಬಟ್ಟೆಯ ಮೇಲಿತ್ತು. ಕೈ ಓಡಲಿಲ್ಲ. ಇಷ್ಟು ದಿನ ಅಕ್ಕ ಹೋಗಿರಲಿಲ್ಲ. ದಿನಾ ಬೆಳಿಗ್ಗೆ ಅವಳನ್ನು ನೋಡಬಹುದಿತ್ತು, ಸೆರಗು, ಚೊಂಬು, ಹೊಸಿಲ ಮೇಲಿನ ಕಾಲು. ಈಗ ಈ ಒಂದು ಪದ ಇಟ್ಟರೆ ಅಕ್ಕನನ್ನು ತಾನೇ ಕೈಯಾರೆ ಕಳಿಸಿದಂತೆ.

"ಹೇಳಮ್ಮ" ಎಂದ ಮೇಸ್ತ್ರಿ.

"ಹೋದಾಳು ಅಂತ ಬರೆದ್ರೆ ಆಗಲ್ವೇನಣ್ಣ?"

"ನಡುವೆ ಏನು ಬೇಕಾದ್ರೂ ಬರಿ. ಕಡೇಲಿ ಆದದ್ದು ಹೇಳ್ಬೇಕು."

"ಹೇಳ್ದೆ ಇದ್ರೆ?"

"ತೊಳೀಬೇಕಾಗುತ್ತಮ್ಮ." ಮೇಸ್ತ್ರಿಯ ದನಿ ಸಣ್ಣಗಾಯಿತು. "ಹನ್ನೆರಡು ಮಡಿಕೆ. ನನಗೂ ಮನಸ್ಸಿಲ್ಲ."

ಅವಳು ಅಜ್ಜಿಯ ಕಡೆ ನೋಡಿದಳು. ಅಜ್ಜಿ ಬಾವಿಕಟ್ಟೆಯ ಮೇಲೆ ಸುಣ್ಣದ ಬುಟ್ಟಿ ಇಟ್ಟುಕೊಂಡು ಕೂತಿದ್ದಳು.

"ನನ್ನ ಬಾಯೇನು ನೋಡ್ತೀಯಾ?" ಎಂದಳು ಅಜ್ಜಿ. "ಇವತ್ತು ಅದ್ರಲ್ಲಿ ಏನೂ ಇಲ್ಲ. ಅವಳು ಕೇಳಿದ್ಲು, ನೀನು ಉತ್ತರ ಕೊಡ್ಲಿಲ್ಲ. ಇನ್ನೂ ಎಷ್ಟು ದಿನ ಹೊಸಿಲ ಮೇಲೆ ಒಂಟಿಕಾಲಲ್ಲಿ ನಿಲ್ಲಿಸ್ತೀಯೇ ಅವಳ್ನ? ಕಾಲು ನೋಯಲ್ವಾ?"

ಮಂಡಕ್ಕಿಯವಳು ಬಾಯಿಬಿಟ್ಟು "ಹೋದಳು" ಎಂದಳು. ಗಿಡ್ಡದ್ದು, ಊದದೇ ಇದ್ದದ್ದು. ಬರೆದಳು. ಕಣ್ಣಲ್ಲಿ ನೀರು ತುಂಬಿ ಅಕ್ಷರ ಸರಿಯಾಗಿ ಕಾಣಲಿಲ್ಲ, ಆದರೂ ಬರೆದಳು. ಮೇಸ್ತ್ರಿ ಕಡತ ಎತ್ತಿ ಗಾಳಿಗೆ ಕೊಡವಿದ. ಬಿಳಿ ಪುಡಿ ಬೀದಿಯ ಮೇಲೆ, ನೀರಿನ ಕೊಡಗಳ ಮೇಲೆ, ನಿಂತವರ ತಲೆಯ ಮೇಲೆ ಇಳಿಯಿತು. ಒಬ್ಬಿಬ್ಬರು ಸೀನಿದರು. ಅಷ್ಟೇ. ಜನ ಅವರವರ ಕೆಲಸಕ್ಕೆ ಹೋದರು.

ಮರುದಿನ ಬೆಳಿಗ್ಗೆ ಅವಳು ಎದ್ದಾಗ ಮನೆ ಬರಿದೆನಿಸಿತು. ಜಗಲಿಯ ಮೇಲೆ ಅಜ್ಜಿ ಇರಲಿಲ್ಲ, ಇರಬೇಕಾದ ಕಾರಣವೂ ಇರಲಿಲ್ಲ. ಗುರಿ ಮುಟ್ಟಿದವರಿಗೆ ಹೇಗಿರುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅದು ಹಬ್ಬದಂತಿರಲಿಲ್ಲ. ಕೊಡ ತೆಗೆದುಕೊಂಡು ಬಾವಿಗೆ ಹೋದಳು.

ಬಾವಿಯ ಹತ್ತಿರ ಹೆಂಗಸರು ಮಾತಾಡುತ್ತಿದ್ದರು. ಅವಳು ಕೊಡ ಇಳಿಸಿ ಹಗ್ಗ ಹಿಡಿದವಳು ಹಾಗೇ ನಿಂತಳು. ಅವರು ಅಕ್ಕನ ಮಾತಾಡುತ್ತಿದ್ದರು. ಸೆರಗು ಎಡಗಡೆ ಸಿಕ್ಕಿಸುತ್ತಿದ್ದಳು ಎಂದಳೊಬ್ಬಳು. ನಗುತ್ತಿದ್ದುದು ಕಡಿಮೆ, ನಕ್ಕರೆ ಮಾತ್ರ ಬೀದಿಗೆಲ್ಲ ಕೇಳುತ್ತಿತ್ತು ಎಂದಳು ಇನ್ನೊಬ್ಬಳು, ಅಕ್ಕ ಹೋದಾಗ ಆಕೆ ಹಾಲು ಕುಡಿಯುವ ಕೂಸು. ಹೆಸರು ಹಿಡಿದೇ ಮಾತಾಡುತ್ತಿದ್ದರು, ನಿನ್ನೆ ಮೊನ್ನೆ ಕಂಡವಳ ವಿಷಯ ಮಾತಾಡಿದಂತೆ.

ಆಗ ತೆಂಕಣ ಬೀದಿಯ ಹೊಸ ಸೊಸೆ ಅವಳ ಹತ್ತಿರ ಬಂದಳು. ಮದುವೆಯಾಗಿ ಊರಿಗೆ ಬಂದು ತಿಂಗಳೂ ಆಗಿರಲಿಲ್ಲ. ನಿನ್ನೆಯ ಪುಡಿ ಅವಳ ಬೈತಲೆಯಲ್ಲಿ ಇನ್ನೂ ಸ್ವಲ್ಪ ಇತ್ತು.

"ಚಿಕ್ಕಮ್ಮ, ಒಂದು ಕೇಳ್ಲಾ?" ಎಂದಳು. "ನಿಮ್ಮಕ್ಕ ಚಪ್ಪಲಿ ಹಾಕ್ಕೊಳ್ದೆ ಹೋದ್ರಲ್ಲ, ಬೆಳಿಗ್ಗೆ ಏನೋ ಸರಿ. ಮಧ್ಯಾಹ್ನ ಬಿಸಿಲಿಗೆ ನೆಲ ಕಾದಾಗ ಎಲ್ಲಿ ನಿಂತ್ಕೊಂಡ್ರು?"

ಮಂಡಕ್ಕಿಯವಳು ಅವಳ ಮುಖ ನೋಡಿದಳು. ಇಪ್ಪತ್ತೈದು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ. ಅವಳ ಅಕ್ಕ ಯಾವಾಗಲೂ ಬಾಗಿಲ ಹತ್ತಿರವೇ ಇದ್ದಳು, ಬಾಗಿಲ ಆಚೆ ಬಿಸಿಲಿದೆ ಎಂದು ಹೊಳೆದೇ ಇರಲಿಲ್ಲ.

"ಗೊತ್ತಿಲ್ಲ ಮಗಳೇ" ಎಂದಳು. ಕೊಡ ಅಲ್ಲೇ ಬಿಟ್ಟು, ಮೇಸ್ತ್ರಿಯ ಮನೆಯ ದಾರಿ ಹಿಡಿದು, ತಿರುಗಿ ಹೇಳಿದಳು: "ನೋಡ್ಕೊಂಡು ಬರ್ತೀನಿ."